ಅಂಟಿಕೊಂಡ ಪುಟ

"ಸಿಟ್ಟು ಮಿಸ್! ಕಕ್ಕುಲಾತಿ ಅಂದ್ರೆ ಸಿಟ್ಟು!"

ಯಶೋದಮ್ಮ ಮಿಸ್ ಕೇಳಿ ಮುಗಿಸುವುದರೊಳಗೆ ಯಮುನಾ ಎದ್ದು ನಿಂತಾಗಿತ್ತು. ಐದನೇ ಕ್ಲಾಸಿನಲ್ಲಿ ಮೊದಲು ಕೈ ಎತ್ತುವವಳು ಅವಳೇ. ಹೋದ ವರ್ಷವೂ ಅವಳೇ, ಅದರ ಹಿಂದಿನ ವರ್ಷವೂ ಅವಳೇ.

"ಯಾಕೆ ಸಿಟ್ಟು?"

"ಮುದುಕಿ ಬೈತಾ ಇದಾಳಲ್ಲ ಮಿಸ್. ಸಿಟ್ಟು ಬಂದ್ರೆ ತಾನೆ ಬೈಯೋದು?"

ಮಿಸ್ ಕೈಯಲ್ಲಿದ್ದ ಹಳೆಯ ಕಾದಂಬರಿಯಿಂದ ಅದೇ ಸಾಲನ್ನು ಇನ್ನೊಮ್ಮೆ ಓದಿದರು. "'ಹೊಳೆಗೆ ಯಾಕೆ ಇಳಿದೆಯೇ ಕತ್ತೆ ಎಂದು ಬೈಯುತ್ತಲೇ ಮುದುಕಿ ಕಕ್ಕುಲಾತಿಯಿಂದ ಹೊನ್ನಿಯ ತಲೆ ಒರೆಸಿದಳು. ತನ್ನ ಸೆರಗಿನಲ್ಲಿ ಒಣಗಿದ್ದ ಮೂಲೆ ಹುಡುಕಿ ಅವಳಿಗೆ ಹೊದಿಸಿದಳು.'"

ಅಷ್ಟರಲ್ಲಿ ವಿಮಾನಪುರದ ವಿಮಾನ ಕಾರ್ಖಾನೆ ಕಡೆಯಿಂದ ಯುದ್ಧವಿಮಾನವೊಂದು ಹಾರಿಬಂದು ಕಿಟಕಿಯ ಗಾಜು ಗಡಗಡ ಅಂದಿತು. ಯಾರೂ ತಲೆ ಎತ್ತಲಿಲ್ಲ. ಸದ್ದು ಹೋಗುವವರೆಗೆ ಪಾಠ ನಿಲ್ಲುವುದು ಆ ಶಾಲೆಯಲ್ಲಿ ದಿನಾ ಇದ್ದದ್ದೇ.

ಸದ್ದು ಹೋದ ಮೇಲೆ ಕೊನೆಯ ಬೆಂಚಿನಿಂದ ಸೌಂದರ್ಯಾ ಎದ್ದಳು.

"ಮಿಸ್ ರೀ, ಸಿಟ್ಟಲ್ಲರಿ. ಬೈದಾಳ ಖರೆ. ಆದ್ರ ಒಣಾ ಸೆರಗು ಆಕಿಗೆ ಕೊಟ್ಟು, ಹಸೀದು ತಾನು ಇಟ್ಕೊಂಡಾಳ್ರಿ. ಅದು ಪ್ರೀತಿ ರೀ. ಜೀವ ಚುರುಚುರು ಅಂತೈತಲ್ಲ, ಅಂಥಾ ಪ್ರೀತಿ."

"ಶಹಬ್ಬಾಸ್!" ಎಂದರು ಮಿಸ್.

ಗೋಡೆಯ ಮೇಲೆ ಕಂದು ಕಾಗದದ ದೊಡ್ಡ ಮರವೊಂದಿತ್ತು. ಕಾದಂಬರಿಯ ಹೊಸ ಪದಕ್ಕೆ ಅರ್ಥ ಕಂಡುಹಿಡಿದವರ ಹೆಸರನ್ನು ಹಸಿರು ಎಲೆಯ ಮೇಲೆ ಬರೆದು ಅಲ್ಲಿ ಅಂಟಿಸುತ್ತಿದ್ದರು. ಸೌಂದರ್ಯಾಳ ಎಲೆ ಮೇಲೇರಿತು. ಈಗ ಅವಳ ಎಲೆಗಳೂ ಯಮುನಾಳ ಎಲೆಗಳೂ ಸಮಸಮ.

ಯಮುನಾಳ ಹೊಟ್ಟೆಯಲ್ಲಿ ಏನಾಯಿತು ಅಂತ ಬೇರೆ ಹೇಳಬೇಕೆ? ಖಾಲಿ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಕಚ್ಚಿದ ಹಾಗಾಯಿತು. ಜೂನ್ ತಿಂಗಳಲ್ಲಿ ಯಾದಗಿರಿ ಕಡೆಯಿಂದ ಬಂದವಳು! ಮಾತಾಡಿದರೆ ಅರ್ಧ ಕ್ಲಾಸು ನಗುತ್ತೆ! ಅವಳಿಗೆ ಎಲೆಯಾ?

"ಅವಳಿಗೆ ಆ ಪದ ಅವ್ರ ಊರಲ್ಲೇ ಗೊತ್ತಿರುತ್ತೆ ಮಿಸ್," ಎಂದಳು.

"ಇಲ್ರಿ," ಎಂದಳು ಸೌಂದರ್ಯಾ. "ಇವತ್ತ ಮೊದಲ್ನೇ ಸಲ ಕೇಳಿದ್ದು."

ಮಿಸ್ ಬೋರ್ಡಿನ ಮೇಲೆ ಇನ್ನೊಂದು ಪದ ಬರೆದರು. ಕರುಬು.

"ಇದೇ ಕೊನೇ ಪದ. ಇದರ ಎಲೆ ಯಾರಿಗೋ, ಶನಿವಾರ ಪ್ರೇಯರ್‌ನಲ್ಲಿ ಮೈಕ್ ಹಿಡಿದು ಕೊನೇ ಅಧ್ಯಾಯ ಓದೋದೂ ಅವರೇ. ಪುಸ್ತಕ ಇವತ್ತು ಯಮುನಾ ಮನೆಗೆ, ನಾಳೆ ಸೌಂದರ್ಯಾ ಮನೆಗೆ. ಶುಕ್ರವಾರ ಅರ್ಥ ಹೇಳ್ಬೇಕು. ಫೋನ್ ನೋಡ್ಬಾರ್ದು, ದೊಡ್ಡೋರ್ನ ಕೇಳ್ಬಾರ್ದು. ಗೊತ್ತಿಲ್ಲದ ಪದ ಬಂದ್ರೆ ಏನ್ ಮಾಡ್ಬೇಕು?"

"ಹಿಂದಿನ ಸಾಲು ಕೇಳ್ಬೇಕು, ಮುಂದಿನ ಸಾಲು ಕೇಳ್ಬೇಕು!" ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು.

ಆ ಪುಸ್ತಕದ ಹೆಸರು 'ತೆಪ್ಪದ ಕೇರಿ'. ಮಿಸ್ ಚಿಕ್ಕವರಿದ್ದಾಗ ಅವರ ಅಪ್ಪ ಕೊಡಿಸಿದ್ದು. ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಿಸ್ ಅದನ್ನು ಎರಡೂ ಕೈಯಿಂದ ಕೊಟ್ಟರು, ಯಮುನಾ ಎರಡೂ ಕೈಯಿಂದ ಇಸಿದುಕೊಂಡಳು.

ಮನೆಗೆ ಬಂದರೆ ಅಲ್ಲಿಯೂ ಸೌಂದರ್ಯಾ!

ಬರದೆ ಎಲ್ಲಿಗೆ ಹೋಗುತ್ತಾಳೆ? ದೇವಸಂದ್ರದಲ್ಲಿ ಯಮುನಾಳ ತಾತ ಬೈಲಪ್ಪನವರ ಮನೆ. ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಬಾಡಿಗೆ ರೂಮುಗಳು. ಹಳೆಯದು ಅಂತ ಉಳಿದಿರುವುದು ಹಿತ್ತಲಿನ ಕೊಟ್ಟಿಗೆ ಮಾತ್ರ. ಕೊಟ್ಟಿಗೆಯ ಪಕ್ಕದ ರೂಮೇ ಸೌಂದರ್ಯಾಳದು. ಅವಳ ಅಪ್ಪ ಮುತ್ತಣ್ಣ ಮೆಟ್ರೋ ಕಂಬದ ಕೆಲಸಕ್ಕೆ ಹೋಗುತ್ತಾರೆ. ಅವ್ವ ಬಾಲಮ್ಮ ಇಂದಿರಾನಗರದ ಮನೆಗಳಲ್ಲಿ ಕೆಲಸ ಮುಗಿಸಿ, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು, ಮನೆ ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿರುತ್ತದೆ. ಅಲ್ಲಿಯವರೆಗೆ ಸೌಂದರ್ಯಾ ಅಜ್ಜಿಯ ಹತ್ತಿರ.

ಅಜ್ಜಿ ಆಂಜನಮ್ಮ ಅಂಗಳದಲ್ಲಿ ಅವರೇಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ಸೌಂದರ್ಯಾ ಪಟಪಟ ಬಿಡಿಸುತ್ತಿದ್ದಳು.

"ನೋಡೇ ಯಮುನಾ, ಈ ಮಗಿನ ಕೈ ಏನ್ ಚುರುಕು!" ಎಂದಳು ಅಜ್ಜಿ. "ನೀನೂ ಇದೀಯ, ಒಂದು ಕಾಯಿ ಬಿಡ್ಸಿ ಎಲ್ಡು ಕಾಳು ಬಾಯ್ಗೆ ಹಾಕ್ಕಂತೀಯ."

ಯಮುನಾ ಮೂಗು ಮುರಿದು ಒಳಗೆ ಹೋದಳು. ನಡುಮನೆಯಲ್ಲಿ ಪುಸ್ತಕ ತೆರೆದು, ಮಿಸ್ ಗುರುತು ಮಾಡಿದ್ದ ಪದ ಹುಡುಕಿದಳು. ಅದು ಒಂದು ಪುಟದ ಮೊದಲ ಸಾಲಿನಲ್ಲೇ ಇತ್ತು. 'ಹೀಗೆ ಹೊನ್ನಿ ಇಡೀ ದಿನ ಕರುಬಿದಳು. ಕಣ್ಣು ತುಂಬಿ ಬಂತು. ಯಾರ ಜೊತೆಗೂ ಮಾತಾಡಲಿಲ್ಲ.'

ಹೊರಗೆ ಅಜ್ಜಿ ಗಹಗಹಿಸಿ ನಕ್ಕಳು. ಸೌಂದರ್ಯಾ ಏನೋ ಹೇಳಿರಬೇಕು. ನನ್ನ ಅಜ್ಜಿ! ಅವಳ ಜೊತೆ ಅಷ್ಟು ಜೋರಾಗಿ ಯಾಕೆ ನಗಬೇಕು?

ಯಮುನಾ ಹಿಂದಿನ ಪುಟದ ಮೇಲೂ ಕಣ್ಣಾಡಿಸಿದಳು. ಆದರೆ ಕಿವಿಯೆಲ್ಲ ಅಂಗಳದಲ್ಲಿದ್ದರೆ ಕಣ್ಣು ಓದುವುದು ಹೇಗೆ? ತೆಪ್ಪ, ಹೊಳೆ, ಹೊನ್ನಿ ಅಂತ ಅಕ್ಷರಗಳು ಬಂದವು, ಹೋದವು. 'ಕಣ್ಣು ತುಂಬಿ ಬಂತು ಅಂದ್ಮೇಲೆ ಕರುಬು ಅಂದ್ರೆ ಅಳೋದೇ. ಇದಕ್ಕೇನು ಮಹಾ!' ಎಂದುಕೊಂಡಳು.

ಮರುಕ್ಷಣ ಇನ್ನೊಂದು ಯೋಚನೆ ಬಂತು. ನಾಳೆ ಪುಸ್ತಕ ಅವಳ ಕೈಗೆ ಹೋಗುತ್ತದೆ. ಅವಳು ಆ ಕಡೆ ಈ ಕಡೆ ಎಲ್ಲ ಸಾಲುಗಳನ್ನೂ ನಿಧಾನವಾಗಿ ಓದುತ್ತಾಳೆ. ಹಿಂದಿನ ಪುಟವೇ ಇಲ್ಲದಿದ್ದರೆ?

ಹರಿಯಲು ಧೈರ್ಯ ಬರಲಿಲ್ಲ. ಅವರ ಮನೆಯಲ್ಲಿ ಗಮ್ ತರುವ ಅಭ್ಯಾಸವಿಲ್ಲ. ಕ್ಯಾಲೆಂಡರ್ ಹರಿದರೂ, ಮದುವೆ ಪತ್ರಿಕೆಯ ಕವರ್ ಬಿಟ್ಟುಕೊಂಡರೂ ಅಜ್ಜಿ ಅಂಟಿಸುವುದು ಅನ್ನದ ಅಗಳಿನಿಂದಲೇ. ಯಮುನಾ ಅಡುಗೆಮನೆಗೆ ಹೋಗಿ, ಪಾತ್ರೆಯಿಂದ ನಾಲ್ಕು ಅಗಳು ತಂದು, ಬೆರಳಲ್ಲಿ ಹಿಸುಕಿ, ಆ ಹಿಂದಿನ ಪುಟದ ಅಂಚಿಗೂ ಅದಕ್ಕೂ ಹಿಂದಿನ ಪುಟದ ಅಂಚಿಗೂ ಸವರಿ ಒತ್ತಿದಳು. ಎರಡು ಹಾಳೆ ಒಂದೇ ಹಾಳೆಯಾಯಿತು.

ಗುರುವಾರ ಸಂಜೆ ಗೋಡೆಯ ಆಚೆಯಿಂದ ದಿನದ ಹಾಗೇ ಜೋಳದ ರೊಟ್ಟಿ ಬಡಿಯುವ ಸದ್ದು ಬಂತು. ಪಟ್, ಪಟ್, ಪಟ್. ಅದರ ಜೊತೆಗೆ ಸೌಂದರ್ಯಾಳ ದನಿ. ಮಿಸ್ ಯಾವ ಪುಸ್ತಕ ಮನೆಗೆ ಕೊಟ್ಟರೂ ಅವಳು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಒಂದು ಕಡೆ ಬಂದು ಓದು ನಿಂತಿತು.

"ಮುಂದ ಹೇಳಽ. ಹೊನ್ನಿ ಏನ್ ಮಾಡಿದ್ಲು?" ಎಂದು ಬಾಲಮ್ಮ ಕೇಳಿದ್ದು ಯಮುನಾಗೂ ಕೇಳಿಸಿತು.

"ತಡಿ ಅವ್ವಾ, ಹಾಳಿ ಹತ್ಕೊಂಡೈತಿ. ಜಗ್ಗಿದ್ರ ಹರಿತೈತಿ."

ಯಮುನಾ ದಿಂಬಿನಲ್ಲಿ ಮುಖ ಹುದುಗಿಸಿ ನಗಲು ನೋಡಿದಳು. ಯಾಕೋ ನಗು ಬರಲಿಲ್ಲ.

ಶುಕ್ರವಾರ ಮಿಸ್ ಮೊದಲು ಕೇಳಿದ್ದು ಅವಳನ್ನೇ.

"ಕರುಬೋದು ಅಂದ್ರೆ ಅಳೋದು ಮಿಸ್. ಮುಂದಿನ ಸಾಲಲ್ಲಿ 'ಕಣ್ಣು ತುಂಬಿ ಬಂತು' ಅಂತಿದೆ."

"ಹಿಂದಿನ ಪುಟದಲ್ಲಿ ಏನಿತ್ತು?"

ಯಮುನಾಗೆ ಒಂದು ಸಾಲಾದರೂ ನೆನಪಿದ್ದರೆ ತಾನೆ?

"ಹತ್ರಕ್ಕೂ ಬರ್ಲಿಲ್ಲ ಕಣಮ್ಮ. ಸೌಂದರ್ಯಾ, ನೀನು?"

"ಗೊತ್ತಾಗ್ಲಿಲ್ರಿ. ಹಿಂದಿನ ಹಾಳಿ ಅಂಟ್ಕೊಂಡೈತ್ರಿ."

ಮಿಸ್ ಪುಸ್ತಕ ತೆರೆದರು. ಅಂಚಿನ ಮೇಲೆ ಬೆರಳಾಡಿಸಿದರು. ಅವರ ಮುಖ ಸಣ್ಣಗಾಯಿತು.

"ಇದು ಅನ್ನದ ಅಗಳು. ಊಟ ಮಾಡ್ತಾ ಓದಿದ್ಯಾ?"

"ಇಲ್ರಿ ಮಿಸ್. ನಮ್ಮನ್ಯಾಗ ನಿನ್ನಿ ಅನ್ನಾನ ಮಾಡಿಲ್ರಿ, ರೊಟ್ಟಿ…"

"ಅನ್ನಾನ ಮಾಡಿಲ್ರಿ!" ಎಂದು ಪಕ್ಕದ ಬೆಂಚಿನ ಮುನೀಂದ್ರ ಅಣಕಿಸಿದ. ಕ್ಲಾಸು ಗೊಳ್ ಎಂದು ನಕ್ಕಿತು.

ಸೌಂದರ್ಯಾ ತಿರುಗಿ ಒಂದೇ ಒಂದು ಸಲ ಯಮುನಾಳ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಯಮುನಾ ತನ್ನ ಬೆರಳುಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

ಮಿಸ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಮ್ಮಪ್ಪ ಕೊಡಿಸಿದ್ದು ಇದು. ಅವರಿಲ್ಲ, ಇದೊಂದಿದೆ," ಎಂದರು ಮೆಲ್ಲಗೆ. "ಸೌಂದರ್ಯಾ, ಇನ್ಮೇಲೆ ಪುಸ್ತಕ ಮನೆಗೆ ಬೇಡ. ಇಲ್ಲೇ ಕೂತು ಓದ್ಕೋ. ನಾಳೆ ಯಮುನಾ ಓದ್ಲಿ. ತಗೋ ಯಮುನಾ, ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬಾ. ಜೋಪಾನ."

ಗೆದ್ದಳು ಯಮುನಾ! ತಾತನಿಗೆ ಸುದ್ದಿ ಹೇಳಿದಳು. ತಾತ ಕೂಡಲೇ ಬಿಳಿ ಷರ್ಟು ಇಸ್ತ್ರಿಗೆ ಕೊಟ್ಟು ಬಂದ. ಆದರೂ ಗೆದ್ದ ಮೇಲೆ ಬರಬೇಕಾದ ಖುಷಿ ಎಲ್ಲಿ ಹೋಯಿತೋ ಏನೋ, ಬರಲೇ ಇಲ್ಲ.

ಸಂಜೆ ಅಜ್ಜಿಯ ಹಿಂದೆ ಹಿಂದೆ ಕೊಟ್ಟಿಗೆಗೆ ಹೋದಳು. ಆಚೆ ರೂಮಿನಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಲಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಏನ್ ಬಾಲಮ್ಮ, ಇವತ್ತು ಕತೆ ಇಲ್ವಾ?" ಎಂದು ಅಜ್ಜಿ ಕೇಳಿದಳು.

"ಇಲ್ರಿ ಅಮ್ಮಾರ. ಇನ್ನ ಮ್ಯಾಲ ಪುಸ್ತಕ ಮನಿಗೆ ಕೊಡೂದಿಲ್ಲಂತ್ರಿ. ಇವತ್ತ ಬಸ್ಸಿನ್ಯಾಗ ಕುಂತು ಹೊನ್ನಿ ಏನಾದ್ಲೋ ಅಂತ ನೆನಸ್ತಿದ್ದೆ ನೋಡ್ರಿ. ಪಾಪ, ತೆಪ್ಪದಾಗ ಹೋದಾಕಿ ದಂಡಿ ಮುಟ್ಟಿದ್ಲೋ ಇಲ್ಲೋ."

ಯಮುನಾ ಕಂಬಕ್ಕೆ ಒರಗಿ ನಿಂತುಬಿಟ್ಟಳು.

ಅಜ್ಜಿ ಎರಡು ಬಾನಿಗೂ ಬೂಸಾ ಕಲಸಿ ಇಟ್ಟಳು. ಒಂದು ಹಳೆಯ ಹಸು ಕೆಂಪಿಯದು. ಇನ್ನೊಂದು, ಹೋದ ತಿಂಗಳು ಮಾಲೂರಿನ ಕಡೆಯಿಂದ ತಂದ ಎಳೆಯ ಹಸುವಿನದು. ಎಳೆಯದು ಬಾಯಿ ಹಾಕಿದ್ದೇ ತಡ, ಕೆಂಪಿ ತನ್ನ ತುಂಬಿದ ಬಾನಿ ಬಿಟ್ಟು ಕೊಂಬು ತಿರುಗಿಸಿ ಅದನ್ನು ನೂಕಿತು. ಎಳೆಯದು ಹೆದರಿ ಹಿಂದೆ ಸರಿಯಿತು. ಕೆಂಪಿ ಆ ಬೂಸಾವನ್ನೂ ತಿನ್ನಲಿಲ್ಲ, ತನ್ನದನ್ನೂ ತಿನ್ನಲಿಲ್ಲ. ಸುಮ್ಮನೆ ಬುಸ್ ಬುಸ್ ಎನ್ನುತ್ತಾ ನಿಂತಿತು.

"ಥೂ ನಿನ್ನ!" ಅಜ್ಜಿ ಕೆಂಪಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನಿನ್ನ ಬಾನಿ ತುಂಬ ಬೂಸಾ ಐತೆ. ಆ ಎಳೇ ಮುಂಡೇದರ ಮ್ಯಾಕೆ ಯಾಕೆ ಹಿಂಗೆ ಕರುಬ್ತೀಯೆ? ಅದು ತಿಂದ್ರೆ ನಿಂಗೇನ್ ಕಮ್ಮಿ ಆಯ್ತದೆ?"

ಯಮುನಾಳ ಕಿವಿ ನಿಮಿರಿತು.

ಅಜ್ಜಿಯನ್ನು ಅರ್ಥ ಕೇಳಬೇಕಾಗಲಿಲ್ಲ. ತುಂಬಿದ ಬಾನಿ, ತಿರುಗಿದ ಕೊಂಬು, ಹೆದರಿ ನಿಂತ ಎಳೆಯ ಹಸು. ಹಿಂದಿನ ಸಾಲೂ ಅಲ್ಲೇ ಇತ್ತು, ಮುಂದಿನ ಸಾಲೂ ಅಲ್ಲೇ ಇತ್ತು. ಅವಳ ಮುಖ ಕಾದ ಹೆಂಚಿನ ಹಾಗೆ ಬಿಸಿಯಾಯಿತು.

ಒಳಗೆ ಓಡಿ ಪುಸ್ತಕ ತೆಗೆದಳು. ಒದ್ದೆ ಬಟ್ಟೆಯ ತುದಿಯಿಂದ ಅಂಚನ್ನು ಒತ್ತಿ ಒತ್ತಿ, ಉಸಿರು ಬಿಗಿ ಹಿಡಿದು ಬಿಡಿಸಿದಳು. ಒಣಗಿದ ಅಗಳು ನೆನೆದು ಮೆತ್ತಗಾಗಿ ಬಿಟ್ಟುಕೊಂಡಿತು. ಮೂಲೆಯಲ್ಲಿ ಸ್ವಲ್ಪ ಸುಕ್ಕಾಯಿತು, ಅಷ್ಟೇ. ಈ ಸಲ ಒಂದೊಂದೇ ಸಾಲು ಓದಿದಳು.

'ಚೆಲುವಿಗೆ ಹೊಸ ತೆಪ್ಪ ಬಂತು. ಕೇರಿಯವರೆಲ್ಲ ಸುತ್ತ ನಿಂತು ನೋಡಿದರು. ಹೊನ್ನಿಯ ತೆಪ್ಪವೂ ಚೆನ್ನಾಗಿಯೇ ಇತ್ತು. ನಿನ್ನೆಯವರೆಗೆ ಅವಳಿಗೆ ಅದಕ್ಕಿಂತ ಚಂದದ್ದು ಹೊಳೆಯಲ್ಲೇ ಇರಲಿಲ್ಲ. ಇವತ್ತು ಅದರ ಕಡೆ ನೋಡಲೂ ಮನಸ್ಸಾಗಲಿಲ್ಲ. ಚೆಲುವಿಯ ತೆಪ್ಪ ಮುಳುಗಿಹೋಗಲಿ ಎಂದುಕೊಂಡಳು. ಮುಳುಗಿದರೆ ತನಗೇನು ಸಿಗುತ್ತದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.'

ಯಮುನಾ ಅದನ್ನು ಮತ್ತೆ ಓದಿದಳು. ಕಣ್ಣು ತುಂಬಿ ಬಂತು. ಪುಸ್ತಕದ ಮೇಲೆ ನೀರು ಬೀಳದ ಹಾಗೆ ದೂರ ಹಿಡಿದುಕೊಂಡಳು.

ಹಿತ್ತಲಿನ ನಲ್ಲಿಯ ಹತ್ತಿರ ಸೌಂದರ್ಯಾ ಕೊಡ ಹಿಡಿದು ನಿಂತಿದ್ದಳು. ಯಮುನಾ ಹೋಗಿ ಪಕ್ಕದಲ್ಲಿ ನಿಂತಳು. ನೀರು ಸಣ್ಣಗೆ ಬರುತ್ತಿತ್ತು.

"ಪುಟ ಅಂಟಿಸಿದ್ದು ಯಾರು ಅಂತ ನಿಂಗೆ ಗೊತ್ತಲ್ವಾ?" ಎಂದಳು.

"ಹ್ಞೂಂ."

"ಹೆಂಗೆ ಗೊತ್ತಾಯ್ತು?"

"ನಮ್ಮನ್ಯಾಗ ಅನ್ನ ಮಾಡಿದ್ದಿಲ್ಲ. ನನಗಿಂತ ಮೊದ್ಲ ಪುಸ್ತಕ ನಿನ್ನ ಕಡೆ ಇತ್ತು. ನಿಮ್ಮಜ್ಜಿ ಅನ್ನದ ಅಗಳಿನಿಂದ ಕ್ಯಾಲೆಂಡರ್ ಹಚ್ಚೂದು ನಾ ನೋಡೀನಿ."

"ಮತ್ತೆ ಮಿಸ್‌ಗೆ ಯಾಕೆ ಹೇಳ್ಲಿಲ್ಲ?"

ಸೌಂದರ್ಯಾ ಕೊಡ ಸರಿಮಾಡಿದಳು. "ನಮ್ಮವ್ವ ಹೇಳ್ಯಾಳ. ಮನಿ ಮಾಲಕರ ಮಂದಿ ಕೂಡ ಜಗಳ ಬ್ಯಾಡ ಅಂತ."

ಮನೆ ಮಾಲಕರ ಮಂದಿ! ಯಮುನಾ ತನ್ನನ್ನು ಬರೀ ಯಮುನಾ ಅಂದುಕೊಂಡಿದ್ದಳು. ಈ ಹುಡುಗಿ ಇಷ್ಟು ದಿನ ತನ್ನನ್ನು ಹೀಗೆ ನೋಡುತ್ತಿದ್ದಳು ಅಂತ ಅವಳಿಗೆ ಹೊಳೆದಿರಲೇ ಇಲ್ಲ. ಕೊಡ ತುಂಬಿದಾಗ ಒಂದು ಕೈ ಕೊಟ್ಟು ಎತ್ತಿಸಿದಳು.

ಶನಿವಾರ ಶಾಲೆಯ ಅಂಗಳದಲ್ಲಿ ಇಡೀ ಶಾಲೆ ಸಾಲು ನಿಂತಿತ್ತು. ತಾತ ಇಸ್ತ್ರಿಯ ಷರ್ಟು ತೊಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದ. ಮಿಸ್ ಯಮುನಾಳ ಕೈಗೆ ಮೈಕ್ ಕೊಟ್ಟರು. ಮೈಕ್ ಒಮ್ಮೆ ಕಿರ್ರ್ ಎಂದು ಕಿರುಚಿತು.

"ಮಿಸ್," ಎಂದಳು ಯಮುನಾ. ಅವಳ ದನಿ ಆಚೆ ರಸ್ತೆಯವರೆಗೂ ಕೇಳಿಸಿತು. "ಓದೋಕೆ ಮುಂಚೆ ಒಂದು ಪದ ಬಾಕಿ ಇದೆ. ಕರುಬೋದು."

"ಹೇಳು."

"ನಮ್ಮನೇಲಿ ಕೆಂಪಿ ಅಂತ ಹಸು ಇದೆ ಮಿಸ್. ಅದರ ಬಾನಿ ತುಂಬ ಬೂಸಾ ಇರುತ್ತೆ. ಆದ್ರೂ ಪಕ್ಕದ ಎಳೇ ಹಸು ತಿಂದ್ರೆ ಅದಕ್ಕೆ ಆಗಲ್ಲ. ತಾನೂ ತಿನ್ನಲ್ಲ, ಅದಕ್ಕೂ ತಿನ್ನಕ್ಕೆ ಬಿಡಲ್ಲ. ಅದೇ ಕರುಬೋದು."

ಸಾಲುಗಳಲ್ಲಿ ನಗು ಎದ್ದಿತು. ಮುನೀಂದ್ರ "ಅಂಬಾ" ಎಂದ. ಯಮುನಾ ಮೈಕನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಇನ್ನೂ ಇದೆ ಮಿಸ್. ಬೇರೆಯವ್ರಿಗೆ ಅರ್ಥ ಗೊತ್ತಾಗ್ಬಾರ್ದು ಅಂತ ಅನ್ನದ ಅಗಳು ಹಾಕಿ ಪುಟ ಅಂಟಿಸೋದೂ ಕರುಬೋದೇ. ಅದು ಸೌಂದರ್ಯಾ ಅಲ್ಲ ಮಿಸ್. ನಾನು."

ನಗು ನಿಂತಿತು. ಕುರ್ಚಿಯಲ್ಲಿ ತಾತ ಮುಂದಕ್ಕೆ ಬಾಗಿದ.

ಮಿಸ್ ಪುಸ್ತಕ ಇಸಿದುಕೊಂಡು ಆ ಪುಟ ತೆರೆದರು. ಸುಕ್ಕಾದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ಸವರಿ ನೇರ ಮಾಡಿದರು.

"ಅರ್ಥ ಸರಿಯಾಗಿದೆ," ಎಂದರು ಕೊನೆಗೆ. ಅವರ ದನಿಯಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು. "ಮಾಡಿದ್ದು ಸರಿಯಿಲ್ಲ. ಅದರ ಬಗ್ಗೆ ಸೋಮವಾರ ಮಾತಾಡೋಣ. ಈಗ ಕೊನೇ ಅಧ್ಯಾಯ ಯಾರು ಓದ್ತಾರೆ?"

ಯಮುನಾ ಪುಸ್ತಕ ತೆಗೆದುಕೊಂಡು ಸಾಲಿನ ಕೊನೆಗೆ ನಡೆದಳು. ಸೌಂದರ್ಯಾಳ ಕೈಗೆ ಕೊಟ್ಟಳು.

"ನಾ ಓದಿದ್ರ ನಗ್ತಾರ," ಎಂದು ಸೌಂದರ್ಯಾ ಪಿಸುಗುಟ್ಟಿದಳು.

"ನಕ್ಕರೆ ನಗ್ಲಿ ಬಿಡು. ನಿಮ್ಮವ್ವಂಗೆ ಹೆಂಗೆ ಓದ್ತೀಯೋ ಹಂಗೇ ಓದು."

ಸೌಂದರ್ಯಾ ಓದಿದಳು. ಮೊದಲ ಸಾಲಿಗೆ ಯಾರೋ ಕಿಸಕ್ಕೆಂದರು. ಹೊನ್ನಿಯ ತೆಪ್ಪ ಸುಳಿಗೆ ಸಿಕ್ಕುವ ಹೊತ್ತಿಗೆ ಒಬ್ಬರೂ ಕೆಮ್ಮಲಿಲ್ಲ. ಓದು ಮುಗಿದಾಗ ಬಿದ್ದ ಚಪ್ಪಾಳೆ ಎಷ್ಟು ಜೋರಾಗಿತ್ತೆಂದರೆ, ಯಮುನಾಳ ಹೊಟ್ಟೆಯಲ್ಲಿ ಆ ಹಳೆಯ ಮೆಣಸಿನಕಾಯಿ ಇನ್ನೊಮ್ಮೆ ಚುರ್ ಎಂದಿತು. 'ಓಹೋ, ನೀನಾ?' ಎಂದುಕೊಂಡಳು ಅವಳು. ಈಗ ಅದರ ಹೆಸರು ಅವಳಿಗೆ ಗೊತ್ತಿತ್ತು. ತಾನೂ ಚಪ್ಪಾಳೆ ತಟ್ಟಿದಳು.

"ಮೈಕಲ್ಲಿ ಕೆಂಪಿ ಮಾನ ಕಳಿಯಾಕಾ ನನ್ನ ಕರ್ಸಿದ್ದು?" ಎಂದು ತಾತ ದಾರಿಯುದ್ದಕ್ಕೂ ಗೊಣಗಿದ. ಆದರೆ ರಸ್ತೆ ದಾಟುವಾಗ ಅವಳ ಕೈಯನ್ನು ಎಂದಿಗಿಂತ ಬಿಗಿಯಾಗಿ ಹಿಡಿದುಕೊಂಡ. ಗೊಣಗುತ್ತಲೇ ಹಿಡಿದುಕೊಂಡ. ಕಕ್ಕುಲಾತಿ, ಎಂದುಕೊಂಡಳು ಯಮುನಾ.

ಅಂದು ಸಂಜೆ ಆಚೆ ರೂಮಿನಿಂದ ಮತ್ತೆ ಪಟ್, ಪಟ್, ಪಟ್. ಮಿಸ್ ಪುಸ್ತಕವನ್ನು ಸೌಂದರ್ಯಾಳ ಮನೆಗೆ ಕೊಟ್ಟು ಕಳಿಸಿದ್ದರು. ಯಮುನಾ ಗೋಡೆಗೆ ಕಿವಿ ಕೊಡಲಿಲ್ಲ. ಹೋಗಿ ಅವರ ಹೊಸ್ತಿಲ ಹತ್ತಿರ ನಿಂತಳು.

"ಬಾ ಯವ್ವಾ, ಒಳಗ ಬಾ," ಎಂದು ಬಾಲಮ್ಮ ಹಿಟ್ಟಿನ ಕೈಯಲ್ಲೇ ಕರೆದಳು. ಬಿಸಿ ರೊಟ್ಟಿಯ ತುಂಡೊಂದನ್ನು ಶೇಂಗಾ ಪುಡಿ ಹಚ್ಚಿ ಅವಳ ಕೈಗಿಟ್ಟಳು.

ಸೌಂದರ್ಯಾ ಮೊನ್ನೆ ನಿಂತ ಕಡೆಯಿಂದ, ಸುಕ್ಕಾದ ಆ ಪುಟದಿಂದಲೇ, ಶುರು ಮಾಡಿದಳು. ಚೆಲುವಿಯ ತೆಪ್ಪ ಬಂತು, ಹೊನ್ನಿ ಕರುಬಿದಳು. ರೊಟ್ಟಿ ಬಡಿಯುವ ಕೈ ಒಂದು ಕ್ಷಣ ನಿಂತು, ಮತ್ತೆ ಬಡಿಯಿತು. ಕತೆ ಮುಂದೆ ಸಾಗಿತು. ಒಂದು ಕಡೆ ಯಮುನಾಗೆ ಗೊತ್ತಿಲ್ಲದ ಪದವೊಂದು ಬಂತು. ಅವಳು ಬಾಯಿ ಹಾಕಲಿಲ್ಲ. ರೊಟ್ಟಿ ಅಗಿಯುವುದನ್ನೂ ನಿಲ್ಲಿಸಿ, ಮುಂದಿನ ಸಾಲಿಗೆ ಕಾದಳು.